ಯಾರ ಮನಿರೀ ಇದು?

ನಾನು ನವಲಗುಂದದ ಒಂದು ಜಮಖಾನ. ಏಳಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಕೆಂಪು ಮೈ, ಹಳದಿ ಅಂಚು, ನಡುವೆ ಪಗಡೆಯ ಹಾಸು, ನಾಲ್ಕು ಮೂಲೆಗೆ ನಾಲ್ಕು ನವಿಲು. ಇದು ಬೇರೆಯವರು ಹೇಳಿಕೊಂಡಿದ್ದನ್ನು ಕೇಳಿ ಹೇಳುತ್ತಿರುವ ಮಾತು. ನನ್ನನ್ನು ನಾನು ಎಂದೂ ನೋಡಿಕೊಂಡಿಲ್ಲ. ನೆಲದ ಮೇಲೆ ಬಿದ್ದಿರುವವರಿಗೆ ಕಾಣುವುದು ಅಂಗಾಲು, ಹಿಮ್ಮಡಿ, ಸೀರೆಯ ಅಂಚು, ಬಹಳವಾದರೆ ಮೊಣಕಾಲು. ಹೀಗಾಗಿ ಮನುಷ್ಯರನ್ನು ನಾನು ಗುರುತಿಸುವುದು ಅವರ ಹೆಜ್ಜೆಯಿಂದ.

ಹುಸೇನಬಿ ಎಂಬಾಕೆಯ ಮನೆಯ ಒಳಕೋಣೆಯಲ್ಲಿ ಗೋಡೆಗೆ ಆನಿಸಿ ನಿಲ್ಲಿಸಿದ ಮಗ್ಗದಲ್ಲಿ ನಾನು ಹುಟ್ಟಿದೆ. ಅತ್ತೆ ಸೊಸೆ ಇಬ್ಬರೂ ಒಂದೇ ಹಲಗೆಯ ಮೇಲೆ ಒತ್ತಾಗಿ ಕುಳಿತು, ನೂಲು ತೂರಿಸಿ, ಕಬ್ಬಿಣದ ಹಲ್ಲಿನ ಪಂಜದಿಂದ ಬಡಿದು ಬಡಿದು ನನ್ನನ್ನು ಕೆಳಗಿನಿಂದ ಮೇಲಕ್ಕೆ ಬೆಳೆಸಿದರು. ನವಿಲಿನ ಕಾಲು ಮೊದಲು ಬಂತು, ತಲೆ ವಾರ ಕಳೆದ ಮೇಲೆ ಬಂತು. ಅಲ್ಲಿಯವರೆಗೆ ಆ ಕಾಲು ಯಾವ ಪ್ರಾಣಿಯದೆಂದು ನನಗೆ ತಿಳಿದಿರಲಿಲ್ಲ. ಇಪ್ಪತ್ತಾರು ದಿನ ಹಿಡಿಯಿತು.

"ಇದರ ಮ್ಯಾಲೆ ಯಾರು ಕುಂದರತಾರೋ ಏನೋ," ಎಂದಳು ಸೊಸೆ ಒಂದು ಮಧ್ಯಾಹ್ನ.

"ಕುಂದರೋರು ಕುಂದರತಾರ. ನೀ ಗಟ್ಟಿ ಬಡಿ," ಎಂದಳು ಹುಸೇನಬಿ.

ಮೊದಲು ಕುಳಿತವರು ಧಾರವಾಡದ ಗುತ್ತಲ ವಕೀಲರ ಕಕ್ಷಿದಾರರು. ವಕೀಲರ ಮನೆಯ ಮುಂಗೋಣೆಯಲ್ಲಿ ನಾನು ಹನ್ನೆರಡು ವರ್ಷ ಇದ್ದೆ. ಬಂದವರ ಕಾಲಬೆರಳುಗಳು ಹೆದರಿ ಮಡಚಿಕೊಂಡಿರುತ್ತಿದ್ದವು. ವಕೀಲರ ಪಾದಗಳು ಮಾತ್ರ ಮೇಜಿನ ಕೆಳಗೆ ಒಂದರ ಮೇಲೊಂದು ಹಾಯಾಗಿ ಮಲಗಿರುತ್ತಿದ್ದವು. ಅವರು ಹೊಳೆಯುವ ಟೈಲ್ಸಿನ ಮನೆಗೆ ಹೋಗುವಾಗ ನನ್ನನ್ನು ಹುಬ್ಬಳ್ಳಿಯ ಒಬ್ಬ ಶಾಮಿಯಾನದವನಿಗೆ ಕೊಟ್ಟರು. ಅಲ್ಲಿ ದಿನಕ್ಕೊಂದು ಮದುವೆ, ನಡುನಡುವೆ ಒಂದು ಸಾವು. ಹೋಮದ ಕಿಡಿ ಹಾರಿ ಎಡ ಅಂಚಿನಲ್ಲಿ ಒಂದು ತೂತಾಯಿತು. ನಗುವವರ ಹೆಜ್ಜೆಗೂ ಅಳುವವರ ಹೆಜ್ಜೆಗೂ ಇರುವ ಅಂತರ ಅಲ್ಲಿ ಕಲಿತೆ. ಕಲಿತೆ ಎಂದುಕೊಂಡಿದ್ದೆ, ಅಷ್ಟೆ. ಸಿನೆಮಾಕ್ಕೆ ಸೇರಿದ ಮೇಲೆ ಆ ವಿದ್ಯೆಯೂ ಕೆಟ್ಟಿತು.

ನನ್ನನ್ನು ಸಿನೆಮಾಕ್ಕೆ ಸೇರಿಸಿದವನು ಮೌನೇಶ ಪತ್ತಾರ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಫ್ಲೆಕ್ಸು ಬಂದು ಕುಂಚದ ಕೆಲಸ ನಿಂತಾಗ, ಗುರುತಿನವರೊಬ್ಬರ ಹಿಂದೆ ಹೋಗಿ ಸಣ್ಣ ಸಣ್ಣ ಸಿನೆಮಾಗಳಿಗೆ ಕಲೆಯ ಕೆಲಸ ಮಾಡತೊಡಗಿದ. ಅವನ ಸಿನೆಮಾಗಳಲ್ಲಿ ಸೆಟ್ಟು ಹಾಕಲು ಎಂದೂ ಶಕ್ತಿ ಇರುತ್ತಿರಲಿಲ್ಲ. ಇದ್ದ ಮನೆ, ಇದ್ದ ಓಣಿ, ಮುಚ್ಚಿದ ಗಿರಣಿ, ಖಾಲಿ ಗೋದಾಮು, ಇವನ್ನೇ ಚಂದ ಕಾಣಿಸಬೇಕು. ಶಾಮಿಯಾನದವನಿಂದ ನನ್ನನ್ನು ಮೂರು ಬಾರಿ ಬಾಡಿಗೆಗೆ ಒಯ್ದ. ನಾಲ್ಕನೆಯ ಬಾರಿ ಬಂದಾಗ ಶಾಮಿಯಾನದವನು, "ಹಳೇದಾತು ಮಾರಾಯ, ನೀನ ಇಟಗೋ," ಎಂದ.

ಮೌನೇಶನ ಹೆಜ್ಜೆ ವಿಚಿತ್ರ. ಯಾವ ಜಾಗಕ್ಕೆ ಹೋದರೂ ಮೊದಲು ಹೊಸ್ತಿಲ ಒಳಗೆ ಬಂದು ಸುಮ್ಮನೆ ನಿಂತುಬಿಡುತ್ತಿದ್ದ. ಆಮೇಲೆ ಕ್ಯಾಮೆರಾದವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದ: "ಎಲ್ಲಿತನಕ ಕಾಣತೈತಿ?"

ಅವರು ಕೈಚಾಚಿ ಗೆರೆ ಎಳೆದಂತೆ ತೋರಿಸುತ್ತಿದ್ದರು. ಆ ಗೆರೆಯ ಒಳಗಷ್ಟೇ ಮೌನೇಶನ ಕೆಲಸ. ಒಡೆದ ಗಚ್ಚಿನ ಮೇಲೆ ನಾನು. ಮೀಟರ್ ಪೆಟ್ಟಿಗೆಯ ಮುಂದೆ ಕ್ಯಾಲೆಂಡರು. ಸುಣ್ಣ ಉದುರಿದಲ್ಲಿ ಬಾವಿಗೆ ಬಿದ್ದ ಕೊಡ ಎತ್ತುವ ಒಂದು ಪಾತಾಳಗರಡಿ ನೇತುಹಾಕಿದರೆ ಅದೇ ಶೃಂಗಾರ. ಪ್ಲಾಸ್ಟಿಕ್ ಬಕೆಟ್ಟು, ಬಣ್ಣದ ಚಪ್ಪಲಿ, ಇಸ್ತ್ರಿ ಪೆಟ್ಟಿಗೆ ಎಲ್ಲ ಗೆರೆಯಾಚೆಗೆ. ಗೆರೆಯ ಒಳಗೆ ಒಬ್ಬ ಮಂತ್ರಿಯ ಮಲಗುವ ಕೋಣೆ, ಗೆರೆಯ ಹೊರಗೆ ಲಾಡ್ಜಿನ ಹರಿದ ಹಾಸಿಗೆಗಳ ಗುಡ್ಡೆ. ನನ್ನ ಅರ್ಧ ಮೈ ಮಂತ್ರಿಯ ಕೋಣೆಯಲ್ಲಿ, ಇನ್ನರ್ಧ ಗುಡ್ಡೆಯ ಕೆಳಗೆ ಇರುತ್ತಿತ್ತು. ನಾನು ಎಲ್ಲಿದ್ದೇನೆಂದು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ.

ಶ್ರೀಮಂತರ ಮನೆಯಾದರೆ ಹಿಂದಿನ ದಿನ ನನ್ನನ್ನು ಒಗೆಯುತ್ತಿದ್ದರು. ಬಡವರ ಮನೆಯಾದರೆ ಚಹಾದ ನೀರು ಚಿಮುಕಿಸಿ, ಮಣ್ಣು ಉಜ್ಜುತ್ತಿದ್ದರು. ಒಂದು ವಾರದಲ್ಲಿ ಎರಡು ಬಾರಿ ಸಾಹುಕಾರನಾಗಿ ಮೂರು ಬಾರಿ ದರಿದ್ರನಾಗಿದ್ದೂ ಉಂಟು. ನನ್ನ ಮೇಲೆ ಅತ್ತ ಹೆಣ್ಣುಮಗಳು, "ಕಟ್" ಎಂದ ಕೂಡಲೇ ನನ್ನ ಮೇಲೇ ಕುಳಿತು ಮಂಡಕ್ಕಿ ತಿನ್ನುತ್ತಿದ್ದಳು. ಅಳುವವರ ಹೆಜ್ಜೆ ಗೊತ್ತೆಂಬ ನನ್ನ ಜಂಬ ಅಲ್ಲಿಗೆ ಮುಗಿಯಿತು.

ಒಮ್ಮೆ ಗೋದಾಮಿನಲ್ಲಿ ಮಾತು ಗವ್ ಎಂದು ಮಾರ್ದನಿಸುತ್ತದೆಂದು ನನ್ನನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಅಂದು ಮೊದಲ ಸಲ ಮನುಷ್ಯರಿಗೆ ಮುಖವಿರುವುದನ್ನು ನೋಡಿದೆ. ಮೌನೇಶನದು ಸಣ್ಣ ಮುಖ, ಹಣೆಯ ಮೇಲೆ ಸುಣ್ಣದ ಚುಕ್ಕೆಗಳು. ಕೆಲಸ ಮುಗಿದ ಮೇಲೆ ಒಂದು ಕಣ್ಣು ಮುಚ್ಚಿ, ಬೆರಳುಗಳ ಚೌಕಟ್ಟಿನಲ್ಲಿ ತಾನು ಮಾಡಿದ್ದನ್ನು ನೋಡುತ್ತಿದ್ದ. ಆಗ ಆ ಮುಖದಲ್ಲಿ ಒಂದು ಸಂತೋಷ ಬರುತ್ತಿತ್ತು. ಚಂದ ಕಾಣುವುದು ಎಂದರೆ ಏನೋ ದೊಡ್ಡದೇ ಇರಬೇಕು ಎಂದುಕೊಂಡೆ.

ಹೀಗಿರುವಾಗ ಬೆಟಗೇರಿಯ ಫಕ್ಕೀರವ್ವನ ಮನೆ ಸಿಕ್ಕಿತು.

ಸಿನೆಮಾದ ನಿರ್ದೇಶಕಿ ಮೇದಿನಿ, ಬೆಂಗಳೂರಿನವಳು. ಅದು ಅವಳ ಮೊದಲ ಸಿನೆಮಾ. ಯಾವಾಗಲೂ ಕಾಲುಚೀಲ ಹಾಕಿಕೊಂಡು, ಸದ್ದಿಲ್ಲದೆ ವೇಗವಾಗಿ ಓಡಾಡುವಾಕೆ. ಅವಳ ಕಥೆಯ ನಾಯಕಿ ರೊಟ್ಟಿ ಮಾಡಿ ಬದುಕುವವಳು. ಅಂಥ ಮನೆ ಹುಡುಕುತ್ತ ನೇಕಾರ ಓಣಿಗೆ ಬಂದವಳಿಗೆ ಫಕ್ಕೀರವ್ವನ ಅಡುಗೆಮನೆ ಕಂಡಿತು. ಬೆಳಗಿನ ಹತ್ತು ಗಂಟೆಗೆ ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ನೇರ ಒಲೆಯ ಮುಂದೆ ಇಳಿಯುತ್ತಿತ್ತು. ಹೊಗೆಯೂ ಹಿಟ್ಟಿನ ಧೂಳಿಯೂ ಸೇರಿ ಅದು ಮುಟ್ಟಿದರೆ ಕೈಗೆ ಸಿಗುವಂತಿತ್ತಂತೆ. ಮೇದಿನಿ ಅಲ್ಲೇ ನಿಶ್ಚಯಿಸಿದಳು.

ಫಕ್ಕೀರವ್ವನಿಗೆ ಐವತ್ತು ದಾಟಿತ್ತು. ಒಂಬತ್ತನೆಯ ವಯಸ್ಸಿಗೆ ಜ್ವರ ಬಂದು ಕಣ್ಣು ಹೋಗಿದ್ದವು. ಈ ಮನೆಗೆ ಬಂದದ್ದು ಹನ್ನೆರಡಕ್ಕೆ. ಎಂದರೆ ಆ ಮನೆಯನ್ನು ಅವಳು ಎಂದೂ ನೋಡಿದವಳಲ್ಲ. ತಮ್ಮನ ಹೆಂಡತಿ ಶಾಂತವ್ವನ ಜೊತೆ ಖಡಕ್ ರೊಟ್ಟಿ ಬಡಿದು ಊರ ಖಾನಾವಳಿಗಳಿಗೆ ಕೊಡುತ್ತಿದ್ದಳು. ತಮ್ಮ ಲಾರಿ ಓಡಿಸುತ್ತಿದ್ದ, ತಿಂಗಳಿಗೊಮ್ಮೆ ಬರುತ್ತಿದ್ದ. ರೊಟ್ಟಿಯ ತೆಳುವು ಫಕ್ಕೀರವ್ವನ ಕೈಯದೇ. ಅದು ಶಾಂತವ್ವನಿಗೆ ಬಂದಿರಲಿಲ್ಲ.

"ಸಿನೆಮಾದಾಗ ನಮ್ಮ ಮನಿ ಚಂದ ಕಾಣತೈತೇನವಾ?" ಎಂದು ಫಕ್ಕೀರವ್ವ ಕೇಳಿದಳು.

"ತುಂಬಾ ಚೆನ್ನಾಗಿ ಕಾಣುತ್ತೆ ಅಮ್ಮಾ," ಎಂದಳು ಮೇದಿನಿ.

"ನಾನಂತೂ ಕಂಡಿಲ್ಲ. ಮಂದೀಗರೆ ಕಾಣಲಿ. ಆದರ ಒಂದ ಮಾತ. ಸಾಮಾನ ಸರಸಬ್ಯಾಡ್ರಿ. ಯಾವುದು ಎಲ್ಲಿ ಐತೋ ಅಲ್ಲೇ ಇರಬೇಕು."

"ಒಂದು ಚಮಚಾನೂ ಸರಸೂದಿಲ್ಲವ್ವ," ಎಂದ ಮೌನೇಶ. ಅವನು ಸುಳ್ಳು ಹೇಳಲಿಲ್ಲ. ಹೇಳಿದ ಕ್ಷಣದಲ್ಲಿ ಅವನಿಗೆ ಹಾಗೇ ಅನಿಸಿತ್ತು.

ಆರು ದಿನದ ಶೂಟಿಂಗು. ಹಗಲು ಅತ್ತಿಗೆ ನಾದಿನಿ ಎದುರು ಮನೆಯಲ್ಲಿ ರೊಟ್ಟಿ ಮಾಡುವುದು, ಸಂಜೆ ಸಿನೆಮಾದವರು ಮನೆ ಬಿಟ್ಟುಕೊಡುವುದು ಎಂದು ಮಾತಾಯಿತು. ಮೊದಲ ದಿನ ಮೌನೇಶ ಏನನ್ನೂ ಸರಿಸಲಿಲ್ಲ. ಎರಡನೆಯ ದಿನ ಕ್ಯಾಮೆರಾದವರು, "ಆ ಜೋಳದ ಕಣಜ ಫ್ರೇಮನ್ನ ತಿಂತಾ ಇದೆ," ಎಂದರು. ಕಣಜ ಎರಡಡಿ ಬಲಕ್ಕೆ ಹೋಯಿತು. ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಸಂಜೆ ತಿರುಗಿ ತಂದಿಟ್ಟ. ಮೂರನೆಯ ದಿನ ಕಣಜವನ್ನು ಮತ್ತೆ ಸರಿಸಿದ ಮೇಲೆ, "ಗೋಡೆ ತೀರಾ ಕಪ್ಪು, ಬೆಳಕೆಲ್ಲಾ ಕುಡೀತಿದೆ," ಎಂದರು. ಬಾಗಿಲಿಂದ ಒಲೆಯವರೆಗೆ ಗೋಡೆಗೆ ಸೊಂಟದ ಎತ್ತರದಲ್ಲಿ ಒಂದು ಉದ್ದ ಬಿರುಕಿತ್ತು. ಮೌನೇಶ ಅದಕ್ಕೆ ಪುಟ್ಟಿಯ ಗಾರೆ ತುಂಬಿ, ತೆಳ್ಳಗೆ ಹಳದಿ ಬೆರೆತ ಸುಣ್ಣ ಬಳಿದ. ಒಲೆ ತಿರುಗಿಸಿದರೆ ನಾಯಕಿಯ ಮುಖಕ್ಕೆ ಬಿಸಿಲು ಬೀಳುತ್ತದೆ ಎಂದರು. ಅದು ಎತ್ತಿಡುವಂಥ ಒಲೆ. ತಿರುಗಿಸಿದ. ನೆಲದ ಹಾಸುಗಲ್ಲೊಂದು ನಡುವೆ ಸವೆದು ತಗ್ಗಾಗಿತ್ತು. ಅಲ್ಲಿ ನೀರು ನಿಂತು ಹೊಳೆದು ಕಣ್ಣಿಗೆ ಹೊಡೆಯುತ್ತಿತ್ತು. ಒರೆಸಿ, ಅದರ ಮೇಲೆ ನನ್ನನ್ನು ಹಾಸಿದ.

ಹಾಸಿ, ಬೆರಳ ಚೌಕಟ್ಟಿನಲ್ಲಿ ನೋಡಿದ. "ಆಹಾ," ಎಂದ.

ಮೂರನೆಯ ದಿನದ ಮಧ್ಯಾಹ್ನ ಎಲ್ಲರೂ ಊಟಕ್ಕೆ ಓಣಿಯ ಬೇವಿನ ಮರದ ಕೆಳಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬನೇ. ಹಿಂಬಾಗಿಲಿನಿಂದ ಒಂದು ಹೆಜ್ಜೆ ಬಂತು. ಬರಿಗಾಲು. ಅಗಲವಾದ ಪಾದ, ಹಿಮ್ಮಡಿಯಲ್ಲಿ ಬಿರುಕು. ನಾನು ಕಂಡ ಹೆಜ್ಜೆಗಳಲ್ಲೆಲ್ಲ ಅಷ್ಟು ನಿಶ್ಚಿಂತೆಯ ಹೆಜ್ಜೆ ಇನ್ನೊಂದಿರಲಿಲ್ಲ. ಎದುರು ಮನೆಯ ಹಂಚು ಸರಿಯಾಗಿ ಕಾಯುವುದಿಲ್ಲವೆಂದು ಫಕ್ಕೀರವ್ವ ತನ್ನ ಹಂಚು ಒಯ್ಯಲು ಬಂದಿದ್ದಳು.

ಎಡಗೈ ಗೋಡೆಯ ಮೇಲೆ ಹೋಯಿತು. ಬಿರುಕು ಹುಡುಕಿತು. ಸಿಗಲಿಲ್ಲ. ಅವಳು ನಿಂತಳು. ಕೈಯನ್ನು ಮೇಲೆ ಆಡಿಸಿದಳು, ಕೆಳಗೆ ಆಡಿಸಿದಳು. ಬೆರಳಿಗೆ ಹಸಿ ಸುಣ್ಣ ಅಂಟಿತು. ಬಲಗೈ ಚಾಚಿದಳು. ಕಣಜವಿರಬೇಕಾದಲ್ಲಿ ಏನೂ ಇರಲಿಲ್ಲ. ಅವಳು ಮೆಲ್ಲಗೆ ಹಿಂದೆ ಹೆಜ್ಜೆ ಇಟ್ಟು ಹೊರಗೆ ಹೋದಳು. ಹೊಸ್ತಿಲನ್ನು ಕಾಲಿನಿಂದ ಮುಟ್ಟಿ ನೋಡಿದ ಸದ್ದು ಕೇಳಿಸಿತು. ಮತ್ತೆ ಒಳಗೆ ಬಂದಳು.

"ಯಾರ ಮನಿರೀ ಇದು?" ಎಂದು ಕೇಳಿದಳು.

ತನ್ನ ಮನೆಯಲ್ಲಿ ನಿಂತು, ಬೇರೆಯವರ ಮನೆಗೆ ತಪ್ಪಿ ಬಂದವಳಂತೆ, ಮರ್ಯಾದೆಯಿಂದ ಕೇಳಿದಳು. ನನಗೆ ಉತ್ತರ ಗೊತ್ತಿತ್ತೇ? ಬೆಳಿಗ್ಗೆಯಿಂದ ಅದು ಸಿನೆಮಾದ ಹೆಣ್ಣುಮಗಳ ಮನೆ. ಅದಕ್ಕೆ ಮೊದಲು ಇವಳ ಮನೆ. ಆ ಹೊತ್ತಿಗೆ ಯಾರದೆಂದು ನನಗೂ ತಿಳಿಯಲಿಲ್ಲ.

ಅವಳು ಇನ್ನೊಂದು ಹೆಜ್ಜೆ ಇಟ್ಟಳು. ತಗ್ಗಿನ ಕಲ್ಲು ಸಿಗಬೇಕಾದಲ್ಲಿ ನಾನು ಸಿಕ್ಕೆ. ಅವಳ ಪಾದ ಬೆಚ್ಚಿ ಸರಕ್ಕನೆ ಹಿಂದೆ ಸರಿಯಿತು. ನನ್ನ ಕೆಳಗಿನ ಕಲ್ಲಿನಲ್ಲಿ ಒರೆಸಿದ ಹಸಿ ಇನ್ನೂ ಇತ್ತು. ನಾನು ಜಾರಿದೆ. ಯಾರು ಏನೇ ಹೇಳಲಿ, ಜಾರಿದ್ದು ನಾನು. ಫಕ್ಕೀರವ್ವ ಬಲಗೈ ಊರಿಕೊಂಡು ಬಿದ್ದಳು. ಟಕ್ ಎಂದು ಒಂದು ಸದ್ದಾಯಿತು.

ಅವಳು ಚೀರಲಿಲ್ಲ. ಎಡಗೈಯಿಂದ ನನ್ನನ್ನು ಸವರತೊಡಗಿದಳು, ಅಂಚು, ದಾರ, ನವಿಲು. ಅಷ್ಟರಲ್ಲಿ ಮೌನೇಶ ಓಡಿ ಬಂದ. ಊಟದ ಕೈ ತೊಳೆದಿರಲಿಲ್ಲ.

"ನಾ ಯಾರ ಮನ್ಯಾಗ ಅದೀನಪಾ?" ಎಂದಳು.

"ನಿಮ್ಮ ಮನ್ಯಾಗ ಅದೀರವ್ವ."

"ಸುಳ್ಳ ಹೇಳಬ್ಯಾಡ. ನಮ್ಮ ಮನಿ ನನಗ ಗೊತ್ತಿಲ್ಲೇನು?"

ಮೌನೇಶ ನನ್ನ ಮೇಲೆ ಮೊಣಕಾಲೂರಿ ಕುಳಿತ. "ನಿಮ್ಮ ಮನಿನ ಅವ್ವ. ನಾನ ಕೆಡಿಸೀನಿ," ಎಂದ.

ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರು ಎಂದರು ಆಸ್ಪತ್ರೆಯಲ್ಲಿ. ರೊಟ್ಟಿ ಬಡಿಯುವ ಕೈ ಅದು. ಶಾಂತವ್ವ ಮರುದಿನ ಬಾಗಿಲಲ್ಲಿ ನಿಂತು, ಮೇದಿನಿಯನ್ನೂ ಮೌನೇಶನನ್ನೂ ಸೇರಿಸಿ ಬೈದಳು. "ಕಣ್ಣಿದ್ದೋರು ನೀವು ಚಂದ ಮಾಡಾಕ ಬಂದ್ರಿ, ಕಣ್ಣಿಲ್ಲದಾಕಿ ಕೈ ಮುರಿದ್ರಿ! ಖಾನಾವಳಿಯವ್ರು ಬ್ಯಾರೆ ಕಡೆ ಹೋದ್ರ ತಿರುಗಿ ಬರ್ತಾರೇನು?" ಮೇದಿನಿಯ ಕಾಲುಚೀಲದೊಳಗೆ ಬೆರಳುಗಳು ಮಡಚಿಕೊಂಡವು. ಅಂಥ ಬೆರಳುಗಳನ್ನು ನಾನು ವಕೀಲರ ಮನೆಯಲ್ಲಿ ಬಹಳ ಕಂಡಿದ್ದೆ.

ಮೌನೇಶ ಅಂದೇ ಎಲ್ಲವನ್ನೂ ತಿರುಗಿ ಇದ್ದಲ್ಲಿಗೆ ಇಡಲು ಹೊರಟ. ಮೇದಿನಿ ತಡೆದಳು. "ಅರ್ಧ ಸೀನ್ ಈ ಮನೇಲಿ ಹೀಗೇ ತೆಗೆದಾಗಿದೆ ಮೌನೇಶ್. ಈಗ ಬದಲಾಯಿಸಿದರೆ ಒಂದೂ ಹೊಂದಲ್ಲ. ನಿಲ್ಲಿಸಿಬಿಟ್ಟರೆ ಈ ಸಿನೆಮಾ ಇಲ್ಲಿಗೆ ಸತ್ತ ಹಾಗೇ. ಏನು ಮಾಡೋದು ಹೇಳಿ, ನನಗೆ ತಲೇನೇ ಓಡ್ತಿಲ್ಲ." ಅವನಿಗೂ ಓಡಲಿಲ್ಲ. ಕೊನೆಗೆ ಮೌನೇಶ, "ಮನಿ ಅವರದು. ಅವರನ್ನ ಕೇಳೂಣು," ಎಂದ.

ಫಕ್ಕೀರವ್ವ ಕೊರಳಿಗೆ ಕೈ ತೂಗಹಾಕಿಕೊಂಡು ಬಂದಳು. ಎಲ್ಲ ಕೇಳಿ, ಮೌನೇಶನ ಕಡೆ ಎಡಗೈ ಚಾಚಿದಳು. "ಹಿಡಕೊ. ಏನೇನ ಮಾಡಿ, ತೋರಸು."

ಅವನು ಕೈ ಹಿಡಿದು ಬಾಗಿಲಿಂದ ಶುರುಮಾಡಿದ. ಇಲ್ಲಿ ಗೋಡೆಗೆ ಹಳದಿ ಸುಣ್ಣ ಅವ್ವ. ಇಲ್ಲಿ ಕ್ಯಾಲೆಂಡರ ತಗದು ಕಂದೀಲ ಹಾಕೀನಿ. ಇಲ್ಲಿ ತಾಮ್ರದ ಕೊಡ, ಬೆಳಕ ಬಿದ್ದರ ಮಿಂಚತೈತಿ. ಅವಳು ಒಂದೊಂದನ್ನೂ ಮುಟ್ಟುತ್ತ ಬಂದಳು. ಹೊಸ ಮನೆಯೊಂದನ್ನು ನೋಡಲು ಬಂದ ನೆಂಟಳಂತೆ, "ಹೌದೇನು, ಚಲೋ ಐತಿ," ಎನ್ನುತ್ತಿದ್ದಳು. ನನ್ನ ಬಳಿ ಬಂದಾಗ ಮೌನೇಶ, "ಇದು ಆ ಜಮಖಾನ," ಎಂದ. "ಇದರ ಗುರ್ತ ಆಗೇತಿ," ಎಂದಳು.

ಒಲೆಯ ಬಳಿ ಮಾತ್ರ ಅವಳು ನಿಂತುಬಿಟ್ಟಳು. ಕೈಯಿಂದ ಒಲೆಯ ಬಾಯಿ ಹುಡುಕಿ, ಕುಕ್ಕುರುಗಾಲಲ್ಲಿ ಕುಳಿತು, ಎಡಗೈಯನ್ನು ಹಿಟ್ಟು ನಾದುವ ಪರಾತದ ಕಡೆ ಚಾಚಿದಳು. ಎಟುಕಲಿಲ್ಲ.

"ಇಲ್ಲಿ ಯಾರ ರೊಟ್ಟಿ ಮಾಡಾಕಿ?"

"ನಮ್ಮ ನಾಯಕಿ, ಅಮ್ಮಾ," ಎಂದಳು ಮೇದಿನಿ.

"ಆಕಿಗೆ ಎಷ್ಟ ಕೈ ಅದಾವು? ಹಂಚ ಎಡಕ್ಕ, ಹಿಟ್ಟ ಬೆನ್ನ ಹಿಂದ. ಹಿಟ್ಟ ತಗೋಳಾಕ ತಿರುಗಿದರ ಇಲ್ಲಿ ರೊಟ್ಟಿ ಸೀಯತೈತಿ. ಇದು ಅಡಗಿ ಮಾಡೂ ಮನಿ ಅಲ್ಲ. ನೋಡಾಕ ಇಟ್ಟ ಮನಿ."

ಆಗ ನಾಯಕಿಯ ಪಾತ್ರದ ಹೆಣ್ಣುಮಗಳು ಮೆಲ್ಲಗೆ ಹೇಳಿದಳು, "ನಿನ್ನೆ ಬೆಳಿಗ್ಗೆಯಿಂದ ನನಗೂ ಅದೇ ಅನ್ನಿಸ್ತಾ ಇತ್ತು. ಕೈಗೆ ಏನೂ ಸಿಗ್ತಾ ಇರಲಿಲ್ಲ. ನನಗೇ ಬರಲ್ಲವೇನೋ ಅಂದ್ಕೊಂಡೆ."

ಮೌನೇಶ ಮೇದಿನಿಯ ಕಡೆ ನೋಡಿದ. ಮೇದಿನಿ ಕ್ಯಾಮೆರಾದವರ ಕಡೆ ನೋಡಿದಳು. ಅವರು ತಲೆ ಕೆರೆದುಕೊಂಡರು. ಒಲೆಯನ್ನು ಮೊದಲಿದ್ದಂತೆ ತಿರುಗಿಸಿದರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಖ ಕತ್ತಲಾಗುತ್ತದೆ. ಲೈಟು ತರಿಸುವ ಶಕ್ತಿ ಇಲ್ಲ. ಅರ್ಧ ಗಂಟೆ ವಾದವಾಯಿತು. ಕೊನೆಗೆ ಮೌನೇಶ ಒಲೆಯನ್ನು ಮೊದಲಿದ್ದಂತೆ ತಿರುಗಿಸಿಟ್ಟು, ಎದುರು ಮನೆಯಿಂದ ಒಂದು ಬಿಳಿ ಧೋತರ ತಂದು, ಕ್ಯಾಮೆರಾದ ಗೆರೆಯಾಚೆ ಹಗ್ಗಕ್ಕೆ ಕಟ್ಟಿದ. ಬೆಳಕಿಂಡಿಯ ಬಿಸಿಲು ಅದಕ್ಕೆ ಬಡಿದು ಮೆತ್ತಗಾಗಿ ಒಲೆಯ ಕಡೆ ತಿರುಗಿತು. ಮೊದಲಿನಷ್ಟು ಹೊಳೆಯಲಿಲ್ಲ. ನಾಯಕಿ ಕುಳಿತಳು, ಹಿಟ್ಟು ತೆಗೆದಳು, ಬಡಿದಳು, ಹಂಚಿಗೆ ಹಾಕಿದಳು. ಅವಳ ಪಾದಗಳು ಮೊದಲ ಸಲ ನೆಲಕ್ಕೆ ಪೂರ್ತಿ ಊರಿದ್ದು ನನಗೆ ಗೊತ್ತಾಯಿತು.

ಮೊದಲು ತೆಗೆದ ಒಲೆಯ ದೃಶ್ಯಗಳನ್ನು ಮತ್ತೆ ತೆಗೆಯಬೇಕಾಯಿತು. ಆರು ದಿನ ಏಳಾಯಿತು. ಏಳನೆಯ ಸಂಜೆ ಎಲ್ಲರೂ ಕೈಮುಗಿದು, ವ್ಯಾನು ಹತ್ತಿ ಹೋದರು. ಮೌನೇಶ ಹೋಗಲಿಲ್ಲ.

"ನೀ ಯಾಕ ಉಳದಿ?" ಎಂದಳು ಶಾಂತವ್ವ, ಇನ್ನೂ ಸಿಟ್ಟಿನಲ್ಲೇ.

"ಮನಿ ತಿರುಗಿ ಕೊಟ್ಟಿಲ್ಲಲ್ಲ," ಎಂದ.

ಸಾಮಾನು ಇಡುವುದು ಒಂದು ದಿನದ ಕೆಲಸವೆಂದುಕೊಂಡಿದ್ದ. ಹನ್ನೊಂದು ದಿನ ಹಿಡಿಯಿತು. ಸೀಮೆಸುಣ್ಣದ ಗುರುತುಗಳು ಅಳಿಸಿಹೋಗಿದ್ದವು. ಅಳಿಸದವೂ ತಪ್ಪಿದ್ದವು, ಏಕೆಂದರೆ ಅವನು ಕಣ್ಣಿನಿಂದ ಅಳೆದಿದ್ದ. ಫಕ್ಕೀರವ್ವ ಕಣಜದ ಪಕ್ಕದಲ್ಲಿ ನಡೆದು, "ಇನ್ನೊಂದ ಬಟ್ಟ ಒಳಗ," ಎನ್ನುವಳು. ಅವನು ಒಂದು ಬೆರಳಗಲ ನೂಕುವನು. "ಹೆಚ್ಚಾತು." ಹಿಂದಕ್ಕೆ ಎಳೆಯುವನು. ಬೆವರು ನನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ನಡುನಡುವೆ ಶಾಂತವ್ವನ ಕೈಕೆಳಗೆ ರೊಟ್ಟಿ ಬಡಿಯಲು ಕೂಡುತ್ತಿದ್ದ. ಅವನ ಮೊದಲ ರೊಟ್ಟಿಯನ್ನು ಮುಟ್ಟಿ ನೋಡಿದ ಫಕ್ಕೀರವ್ವ, "ಇದನ್ನ ಬಾಗಿಲಾ ಬಡಿಯಾಕ ಇಡ್ರಿ," ಎಂದಳು. ಶಾಂತವ್ವ ನಕ್ಕಳು. ನಕ್ಕದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಗೋಡೆಯದು ಉಳಿಯಿತು. ಸುಣ್ಣ ಕೆರೆದು ತೆಗೆದ. ಬಿರುಕಿಗೆ ತುಂಬಿದ ಪುಟ್ಟಿ ಮಾತ್ರ ಒಣಗಿ ಗೋಡೆಯ ಜೊತೆ ಒಂದಾಗಿತ್ತು. ಒಂದು ಮೊಳೆ ಹಿಡಿದು, ಗುಬ್ಬಿ ಕುಕ್ಕಿದಂತೆ ಕುಕ್ಕುತ್ತ, ಬಾಗಿಲಿಂದ ಒಲೆಯವರೆಗೆ ಬಿರುಕನ್ನು ಮತ್ತೆ ತೋಡಿದ. ಮೂರು ದಿನ ಅದೇ ಕೆಲಸ. ಬಿರುಕು ಮುಚ್ಚಿ ಹೆಸರು ಮಾಡಿದವನು ಬಿರುಕು ತೆಗೆಯುತ್ತ ಕುಳಿತಿದ್ದನ್ನು ನೋಡಿ ನನಗೆ ದಿಗಿಲಾಯಿತು. ಯಾವುದು ಕೆಲಸ, ಯಾವುದು ಕೆಡಿಸುವುದು, ಒಂದೂ ತಿಳಿಯದಾಯಿತು.

ಮುಗಿದ ಮೇಲೆ ಫಕ್ಕೀರವ್ವನನ್ನು ಕರೆದ. ಅವಳು ಎಡಗೈಯ ಎರಡು ಬೆರಳನ್ನು ಬಿರುಕಿನಲ್ಲಿಟ್ಟು ಬಾಗಿಲಿಂದ ನಡೆದಳು. ಅರ್ಧ ದಾರಿಗೆ ನಿಂತಳು.

"ಇದು ನಂದಲ್ಲ," ಎಂದಳು. "ಇದು ನಿಂದು."

ಮೌನೇಶನ ಕೈಯಿಂದ ಮೊಳೆ ನನ್ನ ಮೇಲೆ ಬಿತ್ತು. "ತಪ್ಪಾತವ್ವ," ಎನ್ನುತ್ತ ನನ್ನ ಮೇಲೆ ಕುಳಿತು ಅತ್ತುಬಿಟ್ಟ. ಹನ್ನೊಂದು ದಿನದಲ್ಲಿ ಅವನು ಅತ್ತದ್ದು ಅದೊಂದೇ ಸಲ. ನನ್ನ ಮೇಲೆ ಬಹಳ ಜನ ಅತ್ತಿದ್ದಾರೆ. ಆ ಕಣ್ಣೀರು ಸುಳ್ಳೋ ನಿಜವೋ ಎಂದು ನಾನು ಕೇಳಿಕೊಳ್ಳಲಿಲ್ಲ.

ಅವಳು ಉಳಿದರ್ಧ ದಾರಿಯನ್ನೂ ಬೆರಳಲ್ಲಿ ಓದಿ ಮುಗಿಸಿದಳು. ತಿರುಗಿ ಬಂದಳು. ಮತ್ತೆ ಹೋದಳು. "ಇರಲಿ," ಎಂದಳು. "ಹನ್ನೆರಡ ವರ್ಷದಾಕಿ ಇದ್ದಾಗ ಒಂದ ಕಲತೀನಿ. ಈಗ ಇದನ್ನ ಕಲೀತೀನಿ. ಅಳಬ್ಯಾಡ, ಬಾ, ಉಣ್ಣು."

ಮರುದಿನ ಮೌನೇಶ ಹೊರಡುವಾಗ ನನ್ನನ್ನು ಸುರುಳಿ ಸುತ್ತತೊಡಗಿದ. ಸಪ್ಪಳ ಕೇಳಿ ಫಕ್ಕೀರವ್ವ ಬಂದಳು. "ಅದನ್ನ ಬಿಟ್ಟ ಹೋಗು. ಇಷ್ಟ ದಿನ ಕಾಲಿಗೆ ಹತ್ತೇತಿ. ಮೂಲಿಗೆ ಭಾರ ಇಡು, ಜಾರಬಾರದು." ಬೀಳಿಸಿದ್ದನ್ನೇ ಇಟ್ಟುಕೊಳ್ಳುವುದು ಯಾವ ಲೆಕ್ಕವೆಂದು ಶಾಂತವ್ವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮೌನೇಶ ಕಲ್ಲಿನ ಸಂದಿಗೆ ಕಬ್ಬಿಣದ ಕೊಕ್ಕೆ ಬಡಿದು ನನ್ನ ನಾಲ್ಕೂ ಮೂಲೆಯನ್ನು ಹೊಲಿದು ಬಿಗಿದ. ಅಂದಿನಿಂದ ನಾನು ಈ ಮನೆಯಿಂದ ಅಲುಗಿಲ್ಲ.

ಕೈ ಕೂಡಿತು. ಸ್ವಲ್ಪ ಸೊಟ್ಟಾಯಿತು. ರೊಟ್ಟಿ ಮೊದಲಿನಷ್ಟು ತೆಳ್ಳಗೆ ಬರಲಿಲ್ಲ. ಇಬ್ಬರು ಖಾನಾವಳಿಯವರು ತಿರುಗಿ ಬಂದರು, ಒಬ್ಬರು ಬರಲಿಲ್ಲ.

ಮರುವರ್ಷ ಸಿನೆಮಾ ತಯಾರಾಗಿ ಗದುಗಿನಲ್ಲಿ ತೋರಿಸಿದಾಗ ಮೌನೇಶನೇ ಬಂದು ಇಬ್ಬರನ್ನೂ ಕರೆದೊಯ್ದ. ತಿರುಗಿ ಬಂದು ಮೂವರೂ ನನ್ನ ಮೇಲೆ ಕುಳಿತರು.

"ಹೆಂಗಿತ್ತವ್ವ?" ಎಂದು ಕೇಳಿದ. ಅವನ ಪಾದಗಳು ನೆಟ್ಟಗಿರಲಿಲ್ಲ.

"ಮಂದಿ ಚಪ್ಪಾಳಿ ಹೊಡದ್ರು. ಚಂದ ಇರಬೇಕು. ಆದರ ಅದು ನಮ್ಮ ಮನಿ ಅಲ್ಲಪ್ಪ. ಆ ಹುಡುಗಿ ಒಲಿ ಮುಂದ ಚಪ್ಪಲಿ ಹಾಕ್ಕೊಂಡ ಅಡ್ಡಾಡತಾಳಲ್ಲ!"

ಬೆಂಗಳೂರಿನ ಯಾವುದೋ ಸ್ಟುಡಿಯೋದಲ್ಲಿ ಹೆಜ್ಜೆಯ ಸದ್ದು ಸೇರಿಸಿದ್ದರಂತೆ. ಅಲ್ಲಿಯವರಿಗೆ ಬರಿಗಾಲಿನ ಸದ್ದು ಹೊಳೆದಿರಲಿಲ್ಲ. ಮೌನೇಶ ಎರಡೂ ಕೈ ತಲೆಯ ಮೇಲಿಟ್ಟುಕೊಂಡು, "ಅಯ್ಯೋ, ಅದನ್ನ ನಾವು ಯಾರೂ ಕೇಳೇ ಇಲ್ಲಲ್ಲ," ಎಂದ. ಶಾಂತವ್ವ, "ನಾನಂತೂ ಮನಿ ನೋಡಿ ಅತ್ತೆ. ಇಷ್ಟ ಚಂದ ಐತಿ ಅಂತ ಗೊತ್ತ ಇರಲಿಲ್ಲ," ಎಂದಳು. ಒಂದೇ ಮನೆಯ ಬಗ್ಗೆ ಇಬ್ಬರು ಎರಡು ಹೇಳಿದರು. ಇಬ್ಬರೂ ಸುಳ್ಳಾಡುವವರಲ್ಲ.

ಆಮೇಲೆ ಜನ ಬರತೊಡಗಿದರು. ಕಾಲೇಜಿನ ಹುಡುಗಿಯರು, ಫೋನು ಹಿಡಿದ ಜೋಡಿಗಳು. ಹೊಸ್ತಿಲಲ್ಲಿ ನಿಂತು, "ಇದೇನಾ ಆ ಮನೆ? ಇಷ್ಟು ಕತ್ತಲೆ?" ಎನ್ನುತ್ತಿದ್ದರು. ಬೆಳಕಿಂಡಿ ನೋಡಿ, ತಾಮ್ರದ ಕೊಡ ಹುಡುಕಿ, ಸಿಗದೆ ಪೆಚ್ಚಾಗುತ್ತಿದ್ದರು. ಫಕ್ಕೀರವ್ವ ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು, "ಆ ಮನಿ ಇಲ್ಲಿಲ್ರೀ. ಮೌನೇಶ ಅಂತ ಒಬ್ಬಾಂವ ಇದ್ದ, ಒಯ್ದಾನ. ರೊಟ್ಟಿ ಬೇಕೇನು?"

ಈಗ ನನಗೆ ವಯಸ್ಸಾಯಿತು. ಪಗಡೆಯ ಮನೆಗಳು ಅಳಿಸಿಹೋಗಿವೆಯಂತೆ. ನವಿಲುಗಳಲ್ಲಿ ಎರಡು ಬರೀ ದಾರವಾಗಿವೆಯಂತೆ. ಮೌನೇಶ ವರ್ಷಕ್ಕೆರಡು ಸಲ ಬರುತ್ತಾನೆ. ಈಗಲೂ ಇದ್ದ ಮನೆಗಳನ್ನು ಚಂದ ಮಾಡುವುದೇ ಅವನ ಕೆಲಸ. ಆದರೆ ಹೊಸ ಜಾಗಕ್ಕೆ ಹೋದಾಗ ಚಪ್ಪಲಿ ಬಿಟ್ಟು ಒಂದು ಸುತ್ತು ನಡೆದು, ಆ ಮನೆಯವರು ಎಲ್ಲಿ ಕೈ ಊರುತ್ತಾರೆ ಎಂದು ಕೇಳಿಯೇ ಮೊಳೆ ಹೊಡೆಯುತ್ತಾನಂತೆ. ಅದಕ್ಕಾಗಿ ಕೆಲವರು ಅವನನ್ನು ನಿಧಾನಿ ಎಂದು ಕೆಲಸಕ್ಕೆ ಕರೆಯುವುದಿಲ್ಲವಂತೆ.

ಹೋದ ತಿಂಗಳು ಇನ್ನೊಂದು ಸಿನೆಮಾದವರು ಮನೆ ನೋಡಲು ಬಂದಿದ್ದರು. ಬೂಟುಗಾಲಿನವನೊಬ್ಬ ನನ್ನ ಮೂಲೆ ಹಿಡಿದು, "ಈ ಹಳೇ ಚಿಂದಿ ಮೊದಲು ತೆಗೆಸಬೇಕು," ಎಂದು ಎಳೆದ. ಹೊಲಿಗೆ ಕಿತ್ತ ಸದ್ದಾಯಿತು.

"ಅದನ್ನ ಮುಟ್ಟಬ್ಯಾಡ್ರಿ," ಎಂದಳು ಫಕ್ಕೀರವ್ವ ಒಲೆಯ ಕಡೆಯಿಂದ. "ನಾ ಎಲ್ಲಿ ಅದೀನಿ ಅಂಬೂದು ಅದಕ್ಕ ಗೊತ್ತೈತಿ."

ಬೂಟುಗಾಲಿನವನು ಬಿಟ್ಟ. ಅವರು ಹೋದ ಮೇಲೆ ನಾನು ಬಹಳ ಹೊತ್ತು ಆ ಮಾತನ್ನೇ ಯೋಚಿಸಿದೆ. ನನಗೆ ಗೊತ್ತಿದೆಯಂತೆ! ಮಂತ್ರಿಯ ಕೋಣೆ, ವಕೀಲರ ಮುಂಗೋಣೆ, ಗೋದಾಮು, ಸಿನೆಮಾದ ಮನೆ, ಈ ಮನೆ, ಎಲ್ಲ ತಲೆಯಲ್ಲಿ ಕಲಸಿಹೋಗಿವೆ. ಈ ಕಲ್ಲಿನ ಕೆಳಗೆ ಯಾವ ಊರಿದೆ ಎಂದು ಕೇಳಿದರೂ ನಾನು ತಡವರಿಸುತ್ತೇನೆ. ಇದನ್ನು ಅವಳಿಗೆ ಹೇಳುವ ಬಾಯಿ ನನಗಿಲ್ಲ.

ಅಷ್ಟರಲ್ಲಿ ಅವಳು ಹಿಟ್ಟಿನ ಕೈ ಒರೆಸುತ್ತ ಎದ್ದು ಬಂದಳು. ಕಿತ್ತ ಮೂಲೆಯನ್ನು ಪಾದದಿಂದ ಹುಡುಕಿ, ಬೆರಳಲ್ಲಿ ಎಳೆದು ನೆಟ್ಟಗೆ ಮಾಡಿ, ನನ್ನ ಮೇಲೆ ಎರಡೂ ಕಾಲು ಊರಿ ನಿಂತಳು. ಆಮೇಲೆ ಎಡಕ್ಕೆ ತಿರುಗಿ, ಏನನ್ನೂ ಹಿಡಿಯದೆ, ಬಾಗಿಲ ಕಡೆ ನಡೆದು ಹೋದಳು.